ಹನ್ನೆರಡು ಹಾಸಿಗೆಯ ವಾರ್ಡು

೭ ಜೂನ್ ೨೦೦೪, ಸೋಮವಾರ

ಈ ಡೈರಿ ಗೊಬ್ಬರದ ಕಂಪನಿಯವರು ಹೊಸ ವರ್ಷಕ್ಕೆ ನನ್ನ ಮಗ ಗುರುಬಸವರಾಜನ ಅಂಗಡಿಗೆ ಕೊಟ್ಟದ್ದು. ಅವನು ಜನವರಿ ಒಂದರಂದು ತನ್ನ ಹೆಸರು ಬರೆದ, ಎರಡರಂದು ಮರೆತ. ಐದು ತಿಂಗಳ ಹಾಳೆ ಹಾಗೇ ಬಿಟ್ಟು ಇವತ್ತಿನಿಂದ ನಾನು ಬರೆಯುತ್ತೇನೆ. ಕೊಟ್ಟೂರಿನಲ್ಲಿ ನಮ್ಮ ಓಣಿಯಿಂದ ಎಸ್ಸೆಸ್ಸೆಲ್ಸಿ ಪಾಸಾದ ಮೊದಲ ಹೆಣ್ಣುಮಗಳು ನಾನು. ಅಕ್ಷರ ಈಗಲೂ ದುಂಡಗೆ ಬರುತ್ತವೆ. ಇದನ್ನು ಯಾರೂ ಓದುವ ಹಾಗಿಲ್ಲ.

ವಿಷಯ ಇಷ್ಟು. ಮೊಮ್ಮಗಳು ಅರ್ಚನಾ ಪಿಯುಸಿ ಪಾಸಾಗಿದ್ದಾಳೆ. ಇವತ್ತು ಗುಡಿಯಿಂದ ಬಂದು ಪ್ರಸಾದ ಹಂಚುತ್ತಿದ್ದಾಗ, ಕೈಯೊಡ್ಡಿ ನಿಂತವಳು ಪ್ರಸಾದ ತೆಗೆದುಕೊಳ್ಳುವ ಮೊದಲು ಹೇಳಿಬಿಟ್ಟಳು.

"ಅಜ್ಜಿ, ನಾ ನರ್ಸಿಂಗ್ ಸೇರ್ತೀನಿ."

"ಕಂಡೋರ ಮೈ ತೊಳಿಯಾಕ ನಿನಗ ಪಿಯುಸಿ ಯಾಕ ಬೇಕಿತ್ತು?"

"ಬರೇ ಮೈ ತೊಳಿಯೋದಲ್ಲಜ್ಜಿ."

"ಮತ್ತೇನು?"

"ನೀ ಒಮ್ಮೆ ನೋಡಿದ್ರ ಗೊತ್ತಾಕ್ಕತಿ."

ಅವಳ ಅವ್ವ ಭಾಗ್ಯ ಅಡುಗೆಮನೆಯ ಬಾಗಿಲ ಹಿಂದೆ ಉಸಿರು ಹಿಡಿದು ನಿಂತಿದ್ದಳು. ಬಳೆಯ ಸದ್ದಿನಿಂದ ನನಗೆ ಗೊತ್ತಾಯಿತು. ಈ ಮನೆಯಲ್ಲಿ ನನಗೆ ತಿಳಿಯದೆ ಮಾತು ಬೆಳೆದಿದೆ ಅಂತ ಅರ್ಥ.

ಹಗರಿಬೊಮ್ಮನಹಳ್ಳಿಯಲ್ಲಿ ಗಾದಿಲಿಂಗಪ್ಪ ಎಂಬ ಶೇಂಗಾ ವ್ಯಾಪಾರಿ ತನ್ನ ಗೋಡೌನಿನಲ್ಲಿ ಹೊಸದಾಗಿ ನರ್ಸಿಂಗ್ ಶಾಲೆ ತೆಗೆದಿದ್ದಾನಂತೆ. ಬೆಳಗಿನ ಬಸ್ಸಿಗೆ ಹೋಗಿ ಸಂಜೆಯ ಬಸ್ಸಿಗೆ ಬರಬಹುದಂತೆ. ರಾತ್ರಿ ಊಟದ ಹೊತ್ತಿಗೆ ಎಲ್ಲರನ್ನೂ ಕೂರಿಸಿ ತೀರ್ಪು ಹೇಳಿದೆ. ನಾನೇ ಹೋಗಿ ಆ ಶಾಲೆ ನೋಡುತ್ತೇನೆ. ಯೋಗ್ಯ ಇದ್ದರೆ ಸೇರಲಿ. ಇಲ್ಲದಿದ್ದರೆ ಇಲ್ಲೇ ಕೊಟ್ಟೂರಿನ ಕಾಲೇಜಿನಲ್ಲಿ ಬಿ.ಎ. ಇರುವುದು ಎರಡೇ ದಾರಿ. ದೂರದ ಊರು, ಹಾಸ್ಟೆಲ್ಲು ಎಂಬ ಮಾತು ಈ ಮನೆಯಲ್ಲಿ ಬರಬಾರದು. ಬಿ.ಎ. ಆಗುತ್ತದೆಂದು ನನಗೆ ಈಗಲೇ ಗೊತ್ತಿದೆ. ನ್ಯಾಯಕ್ಕೆ ನೋಡಿ ಬರುವುದು.

೧೦ ಜೂನ್, ಗುರುವಾರ

ಶಾಲೆಯ ಕಡೆಯವನೊಬ್ಬ ತಾನಾಗಿಯೇ ಬಂದ. ಅರುಣಕುಮಾರ್ ಅಂತೆ. ತಂಪು ಕನ್ನಡಕ, ತೋಳಿಗೆ ಚೀಲ. ನಮ್ಮ ಮನೆಯಲ್ಲಿ ಯಾರು ಎಲ್ಲಿ ಕೂರಬೇಕು ಎಂಬುದು ನನ್ನ ಅತ್ತೆಯ ಕಾಲದಿಂದ ಗೊತ್ತಾದ ವಿಷಯ. ಬೀಗರು ಪಡಸಾಲೆಯಲ್ಲಿ, ವ್ಯಾಪಾರದವರು ಕಟ್ಟೆಯ ಮೇಲೆ, ಕೂಲಿಯವರು ಮೆಟ್ಟಿಲ ಮೇಲೆ. ಅವನನ್ನು ಕಟ್ಟೆಯ ಮೇಲೆ ಕೂರಿಸಿದೆ.

ಬಣ್ಣದ ಕಾಗದ ಬಿಚ್ಚಿ ತೋರಿಸಿದ. ಏಳು ಅಂತಸ್ತಿನ ಕಟ್ಟಡ, ಮುಂದೆ ಹುಲ್ಲುಹಾಸು, ಕಾರಂಜಿ.

"ಇದು ಬೊಮ್ಮನಹಳ್ಳಿಯಾಗ ಎಲ್ಲೈತಪ?"

"ಮುಂದ ಕಟ್ಟೋದ್ರಿ ಅಮ್ಮಾ. ಪ್ಲಾನ್ ಐತಿ."

ಕಟ್ಟಡದ ಪಕ್ಕದಲ್ಲಿ ಬೆಳ್ಳಗಿನ ಪರದೇಶದ ಹುಡುಗಿಯೊಬ್ಬಳು ಬಿಳಿ ಟೋಪಿ ಹಾಕಿಕೊಂಡು ನಗುತ್ತಿದ್ದಳು. "ಈಕಿ?" ಅಂದೆ. ಅವನು ಕನ್ನಡಕ ಸರಿಮಾಡಿಕೊಂಡ. "ಈಕಿನೂ ಮುಂದ ಸೇರೋಳೇನು?" ಅಂದೆ.

ಒಳಗೆ ಅರ್ಚನಾ ಕಿಸಕ್ಕನೆ ನಕ್ಕಳು. ನನಗೂ ನಗು ಬಂತು, ತಡೆದುಕೊಂಡೆ.

ಸೌದಿಯಲ್ಲಿ ಕೆಲಸ, ಡೆಲ್ಲಿಯಲ್ಲಿ ಕೆಲಸ ಎಂದೆಲ್ಲ ಹೇಳಿ ಕೊನೆಗೆ ಬಾಯಿ ಬಿಟ್ಟ. ಹುಡುಗಿಯ ಮಾರ್ಕ್ಸ್ ಕಾರ್ಡಿನ ಅಸಲು ಪ್ರತಿ ಇವತ್ತೇ ಕೊಟ್ಟರೆ ಸೀಟು ಹಿಡಿದಿಡುತ್ತಾರಂತೆ. ಮೂವತ್ತನೇ ತಾರೀಖು ಕಡೆಯ ದಿನವಂತೆ.

"ಕೊಟ್ಟರ ಅದು ತಿರುಗಿ ಬರೋದು ಯಾವಾಗ?"

"ಕೋರ್ಸ್ ಮುಗದ ಮ್ಯಾಲೆ ಬರ್ತತ್ರಿ."

"ಹೆಣ್ಣು ನೋಡೋ ಮೊದಲs ತಾಳಿ ಕಟ್ಟಾಕ ಬಂದೀಯೇನಪ ನೀನು," ಅಂದು ಎಬ್ಬಿಸಿ ಕಳಿಸಿದೆ. ಚಹಾ ಮಾತ್ರ ಕುಡಿಸಿದೆ. ಮಾರ್ಕ್ಸ್ ಕಾರ್ಡು ನನ್ನ ಟ್ರಂಕಿನಲ್ಲಿದೆ, ಕೀಲಿ ನನ್ನ ಸೊಂಟದಲ್ಲಿ.

೧೩ ಜೂನ್, ಭಾನುವಾರ

ಅರ್ಚನಾ ಕದ್ದು ಓದುತ್ತಿದ್ದ ಪುಸ್ತಕ ಹಿಡಿದೆ. ಕಥೆ ಪುಸ್ತಕವೇನೋ ಅಂದುಕೊಂಡಿದ್ದೆ, ನರ್ಸಿಂಗ್ ಪಾಠದ್ದು. ಹಡಗಲಿಯಲ್ಲಿ ಹಳ್ಳಿಯ ನರ್ಸಾಗಿರುವ ಭಾಗ್ಯಳ ಗೆಳತಿಯದಂತೆ, ಕನ್ನಡದ್ದೇ, ಅಟ್ಟೆ ಹರಿದಿದೆ. ಕಿತ್ತುಕೊಂಡೆ. ಶತ್ರುವಿನ ಬಗ್ಗೆ ತಿಳಿದಿರಲಿ ಅಂತ ಮಧ್ಯಾಹ್ನ ಎರಡು ಪುಟ ನೋಡಿದೆ. ಮುಖ ಎತ್ತಿದಾಗ ಭಾಗ್ಯ ದೀಪ ಹಚ್ಚುತ್ತಿದ್ದಳು. ತೊಂಬತ್ತನಾಲ್ಕು ಪುಟ ಆಗಿತ್ತು.

ನಾಡಿ ಎಣಿಸುವುದು ಬಹಳ ಸುಲಭ. ಹೆಬ್ಬೆಟ್ಟು ಬಳಸಬಾರದು. ಹೆಬ್ಬೆಟ್ಟಿಗೆ ತನ್ನದೇ ನಾಡಿ ಇರುತ್ತದೆ, ಅದು ಮೋಸ ಮಾಡುತ್ತದೆ. ಮೂರು ಬೆರಳು, ಒಂದು ನಿಮಿಷ. ತೀರಿಹೋದ ನಮ್ಮ ಯಜಮಾನರ ಎಚ್ಚೆಮ್ಟಿ ವಾಚು ಟ್ರಂಕಿನಿಂದ ತೆಗೆದು ಕೀಲಿ ಕೊಟ್ಟೆ. ಓಡಿತು. ಗುರುಬಸವರಾಜನದು ಎಂಬತ್ತನಾಲ್ಕು. ಭಾಗ್ಯಳದು ಎಪ್ಪತ್ತೆಂಟು. ಅರ್ಚನಾಳದು ಎಪ್ಪತ್ತೆರಡು, ಸೋಸಿದ ನೀರಿನ ಹಾಗೆ ಹರಿಯುತ್ತದೆ. ಮನೆಗೆಲಸದ ದ್ಯಾಮಕ್ಕನ ಕೈ ಹಿಡಿದು ಐದು ನಿಮಿಷ ಹುಡುಕಿದೆ.

"ಸಿಗವಲ್ದೇನ್ರಿ ಅಮ್ಮಾರ? ಹಂಗಾರ ನಾ ಸತ್ತೀನೇನು?" ಅಂದಳು.

"ಸುಮ್ನಿರಲೇ, ಲೆಕ್ಕ ತಪ್ಪತ್ತ."

"ಸತ್ತಿದ್ರ ಪಾತ್ರಿ ನಾಳಿಗೆ ನೀವs ತೊಳ್ಕಬೇಕು."

ಕೊನೆಗೆ ಬಳೆಗಳನ್ನು ಮೇಲಕ್ಕೆ ಸರಿಸಿದ ಮೇಲೆ ಸಿಕ್ಕಿತು, ಎಪ್ಪತ್ತು. ಸಿಕ್ಕಾಗ ನನ್ನ ಬೆರಳ ತುದಿಯಲ್ಲಿ ಮೀನು ಹೊರಳಿದ ಹಾಗಾಯಿತು. ಮೂವತ್ತು ವರ್ಷದಿಂದ ಈ ಮನೆಯಲ್ಲಿ ಓಡಾಡುವ ಹೆಂಗಸು, ಅವಳ ಕೈ ನಾನು ಹಿಡಿದಿದ್ದು ಇವತ್ತೇ. ನನ್ನದು ತೊಂಬತ್ತಾರು ಬಂತು. ಹಳೆಯ ವಾಚು, ನಿಧಾನವಾಗಿ ಓಡುತ್ತಿರಬೇಕು.

ಇದೆಲ್ಲ ಶಾಲೆಯವರನ್ನು ಪರೀಕ್ಷೆ ಮಾಡಲಿಕ್ಕೆ ಬೇಕಾಗುತ್ತದೆ. ಬೇರೆ ಏನಿಲ್ಲ.

೧೬ ಜೂನ್, ಬುಧವಾರ

ಅಂಗಡಿಗೆ ಹೋಗಿ ಗೊಬ್ಬರ ಕೊಳ್ಳಲು ಬಂದ ಒಂಬತ್ತು ಜನರ ನಾಡಿ ನೋಡಿದೆ. ಗುರುಬಸವರಾಜ ಕೈ ಮುಗಿದ. "ಅವ್ವಾ, ಯೂರಿಯಾ ತಗಳಾಕ ಬಂದೋರು ಹೆದರ್ಕಂಡು ಓಡಾಕತ್ಯಾರ." ಒಬ್ಬನೇ ಓಡಿದ್ದು.

ಈ ವಾರ ನನಗೆ ಎಲ್ಲಿಲ್ಲದ ಹುರುಪು. ಮೆಟ್ಟಿಲು ಹತ್ತಿದರೆ ಹಾರಿದ ಹಾಗೆ. ಕಿವಿಯಲ್ಲಿ ಸಣ್ಣಗೆ ಹಿಟ್ಟಿನ ಗಿರಣಿ ಓಡುತ್ತಿರುತ್ತದೆ. ವಯಸ್ಸು ಹಿಂದಕ್ಕೆ ಹೋದರೆ ಹೀಗೇ ಇರಬೇಕು.

೨೦ ಜೂನ್, ಭಾನುವಾರ

ನಾಡಿದ್ದು ಹೊರಡುವುದು. ಮುಂಚೆ ತಿಳಿಸೋಣ ಅಂತ ಗುರುಬಸವರಾಜ ಅಂದ. ಬೇಡ ಅಂದೆ. ನಮ್ಮ ಕಡೆ ಮನೆ ನೋಡುವ ಶಾಸ್ತ್ರಕ್ಕೆ ನಾನು ಏಳು ಸಂಬಂಧಗಳಿಗೆ ಹೋಗಿ ಬಂದವಳು. ಹೇಳಿ ಹೋದರೆ ಮನೆ ಕಾಣುವುದಿಲ್ಲ, ಸಿಂಗಾರ ಕಾಣುತ್ತದೆ. ಸುಮ್ಮನೆ ಹೋಗಬೇಕು, ನೀರು ಕೇಳಬೇಕು, ತಂಬಿಗೆಯ ತಳ ನೋಡಬೇಕು. ಕೈಕಾಲು ತೊಳೆಯುವ ನೆಪದಲ್ಲಿ ಹಿತ್ತಲಿಗೆ ಹೋಗಬೇಕು.

ದ್ಯಾಮಕ್ಕನನ್ನು ಜೊತೆಗೆ ಕರೆದಿದ್ದೇನೆ. ಅರ್ಚನಾ ತಾನೂ ಬರುತ್ತೇನೆ ಅಂದಳು. ವರನ ಮನೆ ನೋಡಲಿಕ್ಕೆ ಹುಡುಗಿಯನ್ನು ಕರೆದೊಯ್ಯುವ ಪದ್ಧತಿ ಎಲ್ಲಿದೆ. ಅವಳು ನನ್ನ ಚಪ್ಪಲಿ ಒರೆಸಿಟ್ಟಳು. ಒರೆಸಿದ್ದನ್ನೇ ಮತ್ತೆ ಒರೆಸಿದಳು. ಅವಳಿಗೆ ಇದು ಅಷ್ಟೊಂದು ಬೇಕೇನೋ.

೨೨ ಜೂನ್, ಮಂಗಳವಾರ

ಇವತ್ತಿನದು ಪೂರ್ತಿ ಬರೆಯಬೇಕು. ಡಾಕ್ಟರು ಮಲಗು ಅಂದಿದ್ದಾರೆ. ಮಲಗಿಕೊಂಡೇ ಬರೆಯುತ್ತಿದ್ದೇನೆ.

ಹತ್ತು ಗಂಟೆಗೆ ಬಸ್ಸಿಳಿದೆವು. ಮಾರುಕಟ್ಟೆ ಹಿಂದಿನ ಗೋಡೌನು ದೂರದಿಂದಲೇ ಕಂಡಿತು. ಬಾಗಿಲಿಗೆ ಮಾವಿನ ತೋರಣ, ಬಾಳೆಕಂದು, ನೆಲಕ್ಕೆ ರಂಗೋಲಿ. ನಾನು ಬರುವುದು ಇವರಿಗೆ ಹೇಗೆ ತಿಳಿಯಿತು ಅಂತ ಆಶ್ಚರ್ಯವಾಯಿತು. ಗುರುಬಸವರಾಜ ಫೋನು ಮಾಡಿರಬೇಕು ಅಂತ ಸಿಟ್ಟೂ ಬಂತು. ಆದರೂ ದೊಡ್ಡವರು ಬಂದಾಗ ತೋರಣ ಕಟ್ಟುವ ಬುದ್ಧಿ ಇದೆಯಲ್ಲ, ಪರವಾಗಿಲ್ಲ ಅನ್ನಿಸಿತು.

ಬಾಗಿಲಲ್ಲಿ ಕೈಯಲ್ಲಿ ಪಟ್ಟಿ ಹಿಡಿದವನೊಬ್ಬ ಓಡಿ ಬಂದ.

"ಕೊಟ್ಟೂರು ಕಡೆಯೋರೇನ್ರಿ? ಇಬ್ಬರಾ?"

"ಹೂಂ."

"ಬರ್ರಿ ತಾಯಿ, ನಿಮ್ಮನ್ನs ಕಾಯಾಕತ್ತೀವಿ. ಇಷ್ಟು ತಡಾ ಮಾಡಿದ್ರ ಹೆಂಗ್ರಿ?"

ಕೈ ಹಿಡಿದು ಒಳಗೆ ಕರೆದೊಯ್ದ. ಉದ್ದನೆಯ ಹಜಾರ, ಹೊಸ ಸುಣ್ಣ, ಸುಣ್ಣದ ಕೆಳಗೆ ಶೇಂಗಾದ ವಾಸನೆ. ಎರಡು ಸಾಲಿನಲ್ಲಿ ಹನ್ನೆರಡು ಮಂಚ. ಹತ್ತರಲ್ಲಿ ಜನ ಮಲಗಿದ್ದರು. ಹನ್ನೊಂದನೆಯದರ ಮೇಲೆ ನನ್ನನ್ನು ಕೂರಿಸಿದ. ಹಾಸಿಗೆಗೆ ಹೊಚ್ಚ ಹೊಸ ಬಿಳಿ ಹಚ್ಚಡ, ಮಡಿಕೆಯ ಗೆರೆ ಕೂಡ ಹೋಗಿಲ್ಲ. ದ್ಯಾಮಕ್ಕ ನೆಲದ ಮೇಲೆ ಕೂರಲು ಹೋದರೆ ಬಿಡಲಿಲ್ಲ, ಅವಳಿಗೂ ಒಂದು ಮಂಚ. ಇದು ಸ್ವಲ್ಪ ಅತಿಯಾಯಿತು ಅನ್ನಿಸಿತು. ಚಹಾ ಬಂತು, ಬಾಳೆಹಣ್ಣು ಬಂತು.

"ಈಗ ಅಡ್ಡಾಗ್ರಿ ತಾಯಿ."

"ಬ್ಯಾಡಪ, ಕುಂತs ಮಾತಾಡೋಣ."

"ಅಡ್ಡಾಗಲೇಬೇಕ್ರಿ. ಹೊದಿಕಿ ಹೊದ್ದ್ಕಳ್ರಿ."

ಕುತ್ತಿಗೆಯವರೆಗೂ ಹೊದಿಸಿದ. ಇಂಥ ಉಪಚಾರ ನನ್ನ ಮದುವೆಯಲ್ಲೂ ಆಗಿರಲಿಲ್ಲ. ಇಷ್ಟು ಕಕ್ಕುಲತೆಯಿಂದ ನೋಡಿಕೊಳ್ಳುವ ಶಾಲೆಗೆ ಹುಡುಗಿಯನ್ನು ಕಳಿಸಿದರೆ ತಪ್ಪೇನು ಅಂತ ಮನಸ್ಸು ವಾಲಿತು. ಸುಳ್ಳು ಯಾಕೆ ಬರೆಯಲಿ.

ಆಗ ಪಕ್ಕದ ಮಂಚದಿಂದ ದ್ಯಾಮಕ್ಕ ಪಿಸುಗುಟ್ಟಿದಳು. "ಅಮ್ಮಾರ, ನನಗ ಹೊಟ್ಟಿನೋವಂತ. ನಿಮಗೇನಂತ?"

"ಬಾಳಿಹಣ್ಣು ತಿಂದಿದ್ದಕ್ಕs ಹೊಟ್ಟಿನೋವೇನಲೇ?"

"ಅಲ್ರೀ. ಆ ಮನಷ್ಯಾ ಹೇಳಿ ಹೋದ, ಸಾಹೇಬ್ರು ಕೇಳಿದ್ರ ಹೊಟ್ಟಿನೋವನ್ನು ಅಂದ. ನಿಮ್ಮ ಮಂಚಕ್ಕೂ ಚೀಟಿ ಕಟ್ಯಾರ ನೋಡ್ರಿ."

ಹೊರಳಿ ಓದಿದೆ. ‘ದುರುಗಮ್ಮ. ವಯಸ್ಸು ೫೫. ಜ್ವರ.’ ಕೆಳಗೆ ಏನೇನೋ ಅಂಕಿ, ಮೂರು ದಿನದ್ದು, ಒಂದೇ ಶಾಯಿಯಲ್ಲಿ.

ಆಚೆ ಮಂಚದವನನ್ನು ಕೇಳಿದೆ. ಕಾನಹೊಸಹಳ್ಳಿ ಕಡೆಯ ದುರುಗಣ್ಣ, ಗಾರೆ ಕೆಲಸದವನು, ಕಂಬದಂಥ ಆಳು. ಕಾಲಿಗೆ ಮೊಣಕಾಲವರೆಗೆ ಬ್ಯಾಂಡೇಜು. "ಇವತ್ತು ನರ್ಸಿಂಗ್ ಕೌನ್ಸಿಲ್ಲಿನೋರು ಶಾಲಿ ನೋಡಾಕ ಬರ್ತಾರಂತ್ರಿ. ದವಾಖಾನಿ ತುಂಬಿರಬೇಕಂತ. ಟೆಂಪೋದಾಗ ಕರಕಂಡು ಬಂದ್ರು. ಒಂದು ದಿನದ ಕೂಲಿ, ಊಟ. ಊಟ ಎಷ್ಟೊತ್ತಿಗೆ ಅಂತ ಏನಾರ ಹೇಳಿದ್ರೇನ್ರಿ ನಿಮಗ?"

ಬರಬೇಕಾಗಿದ್ದ ಇಬ್ಬರು ಕೊಟ್ಟೂರಿನ ಕೂಲಿಯವರ ಜಾಗದಲ್ಲಿ ನಾನು ಮಲಗಿದ್ದೆ. ನಾನು. ಶಿವಬಸಮ್ಮ.

ಎದ್ದು ಆ ಗಾದಿಲಿಂಗಪ್ಪನ ತೋರಣ ಕಿತ್ತು ಬರಬೇಕಿತ್ತು. ಆದರೆ ಹೊಟ್ಟೆಯ ಒಳಗಿನಿಂದ ನಗು ಉಕ್ಕಿತು, ಹೊದಿಕೆ ಬಾಯಿಗೆ ತುರುಕಿಕೊಂಡೆ. ನನ್ನ ಅಪ್ಪ ನಮ್ಮ ಅತ್ತೆಯ ಮನೆ ನೋಡಲು ಬಂದ ದಿನ ಕೊಟ್ಟಿಗೆಯಲ್ಲಿ ನಾಲ್ಕು ಎತ್ತು ಕಟ್ಟಿದ್ದರು. ಅಪ್ಪ ನೋಡಿ ಒಪ್ಪಿದ. ಮದುವೆಯಾದ ಮೂರನೇ ದಿನ ಪಕ್ಕದ ಮನೆಯವನು ಬಂದು ಎರಡು ಎತ್ತು ಬಿಚ್ಚಿಕೊಂಡು ಹೋದ. ಅಪ್ಪ ಸಾಯುವವರೆಗೂ ನಾನು ಅವನಿಗೆ ಹೇಳಲಿಲ್ಲ. ಎರವಲು ಎತ್ತಿನ ಮನೆಗೆ ಸೊಸೆಯಾಗಿ ಬಂದವಳು ಇವತ್ತು ತಾನೇ ಎರವಲು ಎತ್ತಾಗಿದ್ದೆ. ಈ ಮನೆಯ ಸೊಸೆಯರು ಹೇಗಿದ್ದಾರೆ ನೋಡಿಯೇ ಹೋಗೋಣ ಅಂತ ಮಲಗಿದೆ.

ಹುಡುಗಿಯರು ಹದಿನಾಲ್ಕು ಜನ, ನೀಲಿ ಅಂಚಿನ ಬಿಳಿ ಬಟ್ಟೆ. ಏಪ್ರಿಲ್‌ನಿಂದ ಪಾಠ ನಡೆದಿದೆಯಂತೆ. ಕಲಿಸುವವಳು ಒಬ್ಬಳೇ, ಗೀತಮ್ಮ. ಸರ್ಕಾರಿ ಆಸ್ಪತ್ರೆಯಲ್ಲಿ ಮೂವತ್ತು ವರ್ಷ ದುಡಿದು ನಿವೃತ್ತಿಯಾದವಳು. ಆಕೆ ಮೂಲೆಯಲ್ಲಿ ನಿಂತಿದ್ದಳು, ಮುಖ ಗಂಟಾಗಿತ್ತು. ತನ್ನ ಮನೆಯ ಮದುವೆಗೆ ತನ್ನನ್ನೇ ಕೇಳದವರ ಮುಖ ಹಾಗಿರುತ್ತದೆ.

ನನ್ನ ಮಂಚಕ್ಕೆ ಬಂದವಳು ಎರ್ರೆಮ್ಮ, ಚಿಗಟೇರಿಯವಳು, ಕೂಲಿ ಮಾಡುವವರ ಮಗಳು. ಕೇಳಿ ತಿಳಿದುಕೊಂಡೆ. ತೋಳಿಗೆ ಪಟ್ಟಿ ಸುತ್ತಿ ಗಾಳಿ ಒತ್ತಿದಳು. ಕೊಳವೆ ಕಿವಿಗಿಟ್ಟು ಕೇಳಿದಳು. ಹುಬ್ಬು ಗಂಟಾಯಿತು. ಗಾಳಿ ಬಿಟ್ಟು, ಸ್ವಲ್ಪ ತಡೆದು, ಮತ್ತೆ ಒತ್ತಿದಳು.

"ಸಿಸ್ಟರ್, ಬರ್ರಿ ಇಲ್ಲಿ. ಇವರಿಗೆ ಭಾಳ ಬರಾಕತ್ತೈತಿ."

ಗೀತಮ್ಮ ಬರುವ ಮೊದಲು ಮಾಲೀಕ ಗಾದಿಲಿಂಗಪ್ಪನೇ ಬಂದ. ಜರಿ ಶಲ್ಯ, ಬೆವರು. "ಬೀಪಿ ಬರದಾಗೈತಲ್ಲಮ್ಮ. ನೂರಾ ಇಪ್ಪತ್ತು ಎಂಬತ್ತು. ಎಲ್ಲಾರದೂ ಅದs. ನಡಿ, ಮುಂದಿನ ಮಂಚಕ್ಕ ನಡಿ."

"ಬರದದ್ದು ಬ್ಯಾರೇರಿ ಸಾರ್, ಬಂದದ್ದು ಬ್ಯಾರೇರಿ."

"ಸಾಹೇಬ್ರು ಬಾಗಲಾಗ ಅದಾರ. ನಡಿ ಅಂದ್ರ."

ಹುಡುಗಿ ಗೀತಮ್ಮನ ಮುಖ ನೋಡಿದಳು. ಗೀತಮ್ಮ, "ಏನು ಕೇಳಿದಿ ಅದನ್ನ ಬರಿ," ಅಂದಳು. ಅಷ್ಟೇ. ಎರ್ರೆಮ್ಮ ಚೀಟಿಯ ಮೇಲಿದ್ದ ಅಂಕಿಗೆ ಅಡ್ಡಗೀಟು ಎಳೆದು ೧೯೦/೧೧೦ ಅಂತ ಬರೆದಳು. ಈ ಹುಡುಗಿ ಇಡೀ ದಿನದಲ್ಲಿ ನಾನು ಕಂಡ ಮೊದಲ ಎರವಲಲ್ಲದ ವಸ್ತು.

ಸಾಹೇಬರು ಬಂದರು. ಒಬ್ಬ ಅಧಿಕಾರಿ, ಒಬ್ಬ ಡಾಕ್ಟರಮ್ಮ. ಡಾಕ್ಟರಮ್ಮ ದುರುಗಣ್ಣನ ಕಾಲು ಮುಟ್ಟಿ ಕೇಳಿದರು. "ಯಾವಾಗ ಮುರೀತು?"

"ಬೆಳಿಗ್ಗೆ ಎಂಟಕ್ಕ ಕಟ್ಯಾರ್ರೀ," ಅಂದ.

ಆಮೇಲೆ ನನ್ನ ಮಂಚ. "ಜ್ವರ ಹೇಗಿದೆ ದುರುಗಮ್ಮ?"

ಎದ್ದು ಕೂತು ಸೆರಗು ಸರಿಮಾಡಿಕೊಂಡೆ. "ನನ್ನ ಹೆಸರು ದುರುಗಮ್ಮ ಅಲ್ಲ. ಶಿವಬಸಮ್ಮ. ನನಗ ಜ್ವರಾನೂ ಇಲ್ಲ, ಏನೂ ಇಲ್ಲ. ಮೊಮ್ಮಗಳನ್ನ ಸೇರಿಸಬೇಕೋ ಬ್ಯಾಡೋ ಅಂತ ಕೊಟ್ಟೂರಿಂದ ಶಾಲಿ ನೋಡಾಕ ಬಂದೀನಿ. ಇವರು ಮಲಗಿಸಿದ್ರು, ಮಲಗೀನಿ."

"ನನಗೂ ಹೊಟ್ಟಿನೋವಿಲ್ರಿ," ಅಂತ ದ್ಯಾಮಕ್ಕ ಎದ್ದಳು. "ಆದ್ರ ಬಾಳಿಹಣ್ಣು ತಿಂದುಬಿಟ್ಟೀನಿ."

ಮೊದಲು ನಕ್ಕವನು ದುರುಗಣ್ಣ. ಆಮೇಲೆ ಹನ್ನೆರಡು ಮಂಚವೂ ಕುಲುಕಿದವು. ಕಣ್ಣಿಗೆ ಬ್ಯಾಂಡೇಜು ಕಟ್ಟಿಸಿಕೊಂಡು ಮಲಗಿದ್ದವನೊಬ್ಬ ಅದನ್ನು ಎತ್ತಿ ನೋಡಿದ, ಏನಾಯಿತೆಂದು. ಹುಡುಗಿಯರು ಗೋಡೆಗೆ ಮುಖ ಮಾಡಿ ನಗುತ್ತಿದ್ದರು. ಅಧಿಕಾರಿ ಕಾಗದದಲ್ಲಿ ಮುಖ ಮುಚ್ಚಿಕೊಂಡರು. ನಾನೂ ನಕ್ಕೆ, ಕಣ್ಣಲ್ಲಿ ನೀರು ಬರುವಷ್ಟು. ಯಜಮಾನರು ಹೋದ ಮೇಲೆ ನಾನು ಹಾಗೆ ನಕ್ಕಿರಲಿಲ್ಲ.

ಡಾಕ್ಟರಮ್ಮ ಮಾತ್ರ ನಗಲಿಲ್ಲ. ಚೀಟಿ ಓದಿದರು. ಗೀಟು ಎಳೆದದ್ದು ನೋಡಿದರು. ತಾವೇ ನನ್ನ ತೋಳಿಗೆ ಪಟ್ಟಿ ಸುತ್ತಿ ಎರಡು ಸಲ ನೋಡಿದರು. "ಇದು ಯಾರು ಬರೆದದ್ದು?" ಎರ್ರೆಮ್ಮ ಕೈ ಎತ್ತಿದಳು.

"ಸರಿಯಾಗಿದೆ," ಅಂದು ನನ್ನ ಕಡೆ ತಿರುಗಿದರು. "ಅಮ್ಮ, ಈ ವಾರ್ಡಿನಲ್ಲಿ ನಿಜವಾದ ಪೇಷೆಂಟ್ ನೀವೊಬ್ಬರೇ. ಇಷ್ಟು ದಿನ ತಲೆ ತಿರುಗಲಿಲ್ಲವೇ? ಕಿವಿಯಲ್ಲಿ ಸದ್ದು?"

"ತಲಿ ತಿರುಗಿಲ್ರಿ. ಹುರುಪಿತ್ತು."

"ಅದೇ," ಅಂದರು.

೨೩ ಜೂನ್, ಬುಧವಾರ

ಉಪ್ಪಿಲ್ಲದ ಸಾರು. ದಿನಕ್ಕೊಂದು ಗುಳಿಗೆ. ಕಿವಿಯ ಗಿರಣಿ ನಿಂತಿದೆ, ಮನೆ ಬಿಕೋ ಅನ್ನುತ್ತದೆ.

ತೀರ್ಪು ಹೇಳಿದೆ. ಶಾಲೆ ಯೋಗ್ಯವಲ್ಲ. ಆಸ್ಪತ್ರೆ ಇಲ್ಲ, ರೋಗಿಗಳಿಲ್ಲ, ಒಪ್ಪಿಗೆಯ ಕಾಗದ ಇಲ್ಲ. ಬಿ.ಎ. ಅರ್ಚನಾ ಅಳಲಿಲ್ಲ. ಹಡಗಲಿಯ ಪುಸ್ತಕಕ್ಕೆ ಹೊಸ ಅಟ್ಟೆ ಹಾಕಿ ತಿರುಗಿ ಕೊಡಲು ಎತ್ತಿಟ್ಟಳು. ಗುರುಬಸವರಾಜ ಕಾಲೇಜಿನಿಂದ ಅರ್ಜಿ ತಂದ.

ಯಾರ ನಾಡಿಯನ್ನೂ ನೋಡಲಿಲ್ಲ.

೨೫ ಜೂನ್, ಶುಕ್ರವಾರ

ಮಧ್ಯಾಹ್ನ ಮೆಟ್ಟಿಲ ಮೇಲೆ ಯಾರೋ ಕೂತಿದ್ದರು. ಎರ್ರೆಮ್ಮ. ಗೀತಮ್ಮನ ಚೀಟಿ ತಂದಿದ್ದಳು. ಬಿಸಿಲು ಜೋರಿತ್ತು, ಒಳಗೆ ಕರೆದೆ.

ಗೀತಮ್ಮ ಬರೆದದ್ದು ನೇರವಾಗಿದೆ. ಈ ವರ್ಷ ಒಪ್ಪಿಗೆ ಸಿಗುವುದಿಲ್ಲ. ನಿಮ್ಮ ಹುಡುಗಿಯನ್ನು ಇಲ್ಲಿ ಸೇರಿಸಬೇಡಿ. ನಾನು ಕೆಲಸ ಬಿಡುತ್ತಿದ್ದೇನೆ. ನನ್ನ ಹದಿನಾಲ್ಕು ಮಕ್ಕಳ ಅಸಲು ಮಾರ್ಕ್ಸ್ ಕಾರ್ಡುಗಳು ಮಾಲೀಕರ ಬೀರುವಿನಲ್ಲಿವೆ. ಕೇಳಿದರೆ ಮುಂದಿನ ವರ್ಷದವರೆಗೆ ಕಾಯಿರಿ ಅನ್ನುತ್ತಾರೆ. ದಾವಣಗೆರೆಯ ದೊಡ್ಡ ಆಸ್ಪತ್ರೆಯ ನರ್ಸಿಂಗ್ ಶಾಲೆಗೆ ಅರ್ಜಿ ಹಾಕಲು ಇನ್ನೂ ಹತ್ತು ದಿನ ಇದೆ. ಕಾರ್ಡಿಲ್ಲದೆ ಅಲ್ಲಿ ಯಾರೂ ಅರ್ಜಿ ಮುಟ್ಟುವುದಿಲ್ಲ.

"ನಿಮ್ಮಪ್ಪ ಕೇಳಲಿಲ್ಲೇನು?"

"ಕೇಳಿದ್ರಿ. ಗೇಟಿನಾಗs ನಿಲ್ಲಿಸಿ ಕಳಿಸಿದ್ರು."

"ಗೀಟು ಎಳದಿದ್ದಕ್ಕ ಬೈದರೇನು ನಿನಗ?"

"ಬೈದ್ರಿ. ಶಾಲಿ ಮುಚ್ಚಾಕ ನೀನs ಕಾರಣ ಅಂದ್ರು. ನಾ ಎಳೀಲಿಲ್ಲಂದ್ರ ನೀವು ಹೊಳ್ಳಿ ಬಸ್ ಹತ್ತಿ ಹೋಗಿಬಿಡ್ತಿದ್ರಿ. ದಾರ್ಯಾಗ ಏನಾರ ಆಗಿದ್ರ?"

ಊಟಕ್ಕೆ ಏಳು ಅಂದೆ. ಅವಳು ಅರ್ಚನಾಳ ಜೊತೆ ಅಡುಗೆಮನೆಯಲ್ಲಿ ಕೂತು ಊಟ ಮಾಡಿದಳು. ರೊಟ್ಟಿ ಚೆನ್ನಾಗಿ ತಟ್ಟುತ್ತಾಳೆ, ಭಾಗ್ಯಳದಕ್ಕಿಂತ ತೆಳು. ಉಪ್ಪಿನಕಾಯಿ ಕಡೆ ನನ್ನ ಕೈ ಹೋದರೆ ಭರಣಿ ಆಚೆಗೆ ಸರಿಸಿದಳು.

೨೮ ಜೂನ್, ಸೋಮವಾರ

ಗಾದಿಲಿಂಗಪ್ಪನ ಮನೆಗೆ ಹೋದೆ. ಶಾಲೆಗಲ್ಲ, ಮನೆಗೆ. ಜೊತೆಗೆ ಅರ್ಚನಾ, ಎರ್ರೆಮ್ಮ, ದ್ಯಾಮಕ್ಕ. ಅವನು ಇರಲಿಲ್ಲ. ಅವನ ತಾಯಿ ಇದ್ದಳು, ನನಗಿಂತ ಹತ್ತು ವರ್ಷ ಹಿರಿಯಳು, ಹಣೆಯ ತುಂಬ ವಿಭೂತಿ.

"ಶರಣ್ರೀ, ಬರ್ರಿ. ಕುಂದರ್ರಿ," ಅಂದು ತಂಬಿಗೆ ತುಂಬ ನೀರು, ಬೆಲ್ಲ ತಂದಿಟ್ಟಳು.

ನಾನು ಕೂತೆ. ತಂಬಿಗೆ ಮುಟ್ಟಲಿಲ್ಲ. ದ್ಯಾಮಕ್ಕ ಬೆಲ್ಲದ ಕಡೆ ನೋಡಿದಳು, ನಾನು ಅವಳ ಕಡೆ ನೋಡಿದೆ, ಅವಳೂ ಮುಟ್ಟಲಿಲ್ಲ.

"ನೀರು ತಗಳ್ರಿ ತಾಯಿ."

"ತಗೊಂತೀನಿ. ನಿಮ್ಮ ಮಗನ ಬೀರುವಿನಾಗ ಹದಿನಾಕು ಹುಡುಗಿಯರ ಮಾರ್ಕ್ಸ್ ಕಾರ್ಡ್ ಅದಾವ. ಅವು ಬರಲಿ."

ಮುದುಕಿ ಬೆಚ್ಚಿದಳು. ಬಿಸಿಲಲ್ಲಿ ಬಂದ ಹಿರಿಯಳು ಮನೆಯ ನೀರು ಮುಟ್ಟದೆ ಕೂತಿದ್ದಾಳೆ. ಓಣಿಯ ಹೆಂಗಸರು ಆಗಲೇ ಬಾಗಿಲಿಗೆ ಬಂದಿದ್ದರು. ಒಂದು ಗಂಟೆ ಕೂತೆ. ಗಂಟಲು ಒಣಗಿ ಮರಳಾಯಿತು. ಮುದುಕಿ ಎರಡು ಸಲ ತಂಬಿಗೆಯ ನೀರು ಬದಲಿಸಿ ತಂದಳು. ಮೂರನೆಯ ಸಲ ತಾನೂ ಎದುರಿಗೆ ಕೂತಳು. "ನೀವು ಕುಡಿಯೋತನ ನಾನೂ ಕುಡಿಯಲ್ಲ ತಾಯಿ," ಅಂದಳು.

ಹೀಗೆ ಇಬ್ಬರು ಮುದುಕಿಯರು ಒಂದು ತಂಬಿಗೆಯನ್ನು ನಡುವೆ ಇಟ್ಟುಕೊಂಡು ಕೂತೆವು. ಸುಮ್ಮನೆ ಎಷ್ಟು ಹೊತ್ತು ಕೂರುವುದು, ಅವಳ ನಾಡಿ ನೋಡಿದೆ. ಅರವತ್ತೆಂಟು. "ನೂರು ವರ್ಷ ಬಾಳ್ತೀರಿ," ಅಂದೆ. "ಇಂಥ ಮಗನ್ನ ಇಟ್ಕಂಡೇನ್ರಿ?" ಅಂದಳು. ಇಬ್ಬರೂ ನಕ್ಕೆವು, ಬಾಯಿ ಒಣಗಿ ಸದ್ದೇ ಬರಲಿಲ್ಲ.

ಯಾರೋ ಹೇಳಿ ಕಳಿಸಿರಬೇಕು, ಗಾದಿಲಿಂಗಪ್ಪ ಸ್ಕೂಟರಿನಲ್ಲಿ ಬಂದ. ನನ್ನನ್ನು ನೋಡಿ ನಿಂತ. "ನೀವಾ? ನನ್ನ ಶಾಲಿ ಮುಚ್ಚಿಸಿದ್ದು ಸಾಲದೇನ್ರಿ?"

ನಾನು ಬಾಯಿ ತೆರೆಯುವ ಮೊದಲು ಅವನ ತಾಯಿ ತೆರೆದಳು. "ಬಂದೋರು ನೀರು ಮುಟ್ಟದಂಗ ಎದ್ದು ಹೋದ್ರ ಈ ಮನಿಯಾಗ ನಾಳಿಂದ ಒಲಿ ಹಚ್ಚಂಗಿಲ್ಲ. ಆ ಹುಡುಗ್ಯಾರ ಕಾಗದ ತರ್ತೀಯೋ, ನಾನೂ ಇವರ ಹಿಂದ ಕೊಟ್ಟೂರಿಗೆ ಹೋಗ್ಲೋ?"

ಅರ್ಧ ಗಂಟೆಯಲ್ಲಿ ತಂದ. ಎರ್ರೆಮ್ಮ ಒಂದೊಂದೇ ಹೆಸರು ಓದಿ ಎತ್ತಿಕೊಂಡಳು. ಹದಿನಾಲ್ಕು. ಆಮೇಲೆ ತಂಬಿಗೆ ಎತ್ತಿ ಅರ್ಧ ನಾನು ಕುಡಿದೆ, ಅರ್ಧ ಆಕೆ. ಅಷ್ಟು ಸಿಹಿ ನೀರು ನಾನು ಕುಡಿದೇ ಇಲ್ಲ. ಬಸ್ಸಿನಲ್ಲಿ ದ್ಯಾಮಕ್ಕ ಸೆರಗಿನ ಗಂಟಿನಿಂದ ಆ ಬೆಲ್ಲ ತೆಗೆದಳು. ಯಾವಾಗ ಎತ್ತಿಕೊಂಡಳೋ.

೩೦ ಜೂನ್, ಬುಧವಾರ

ಬಿ.ಎ. ಅರ್ಜಿಯಲ್ಲಿ ಹಪ್ಪಳದ ಪೊಟ್ಟಣ ಕಟ್ಟಿ ಪಕ್ಕದ ಮನೆಗೆ ಕಳಿಸಿದ್ದೇನೆ. ಗುರುಬಸವರಾಜ ಹುಡುಕಾಡಿದ.

"ಅರ್ಜಿ ಎಲ್ಲೈತವ್ವಾ? ಇವತ್ತು ಕಡೀ ದಿನ."

"ಅರ್ಚನಾ ದಾವಣಗೆರೆಗೆ ಹೋಗ್ತಾಳ. ಸೋಮವಾರ ನಾ ಕರಕಂಡು ಹೋಗ್ತೀನಿ."

"ದೂರದ ಹಾಸ್ಟೆಲ್ ಬ್ಯಾಡ ಅಂದಿದ್ದಿ."

"ದಾವಣಗೆರೆ ದೂರ ಅಂತ ಯಾರಂದ್ರು?"

"ನೀನs ಅಂದಿದ್ದಿ."

"ಆವಾಗ ದೂರಿತ್ತು."

ಅವನು ಭಾಗ್ಯಳ ಮುಖ ನೋಡಿದ. ಭಾಗ್ಯ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಅರ್ಚನಾ ಮಾತ್ರ ನಗದೆ ನಿಂತಿದ್ದಳು. "ಅಜ್ಜಿ, ಎರಡs ದಾರಿ ಅಂದಿದ್ದಿ ನೀನು. ನಿನ್ನ ಮಾತು ನೀ ಮುರೀಬ್ಯಾಡ. ನಾ ಬಿ.ಎ. ಓದ್ತೀನಿ," ಅಂದಳು.

"ಅಲ್ಲೇನು ಒಬ್ಬಾಕಿನ ಇರ್ತೀಯಾ? ಎರ್ರೆಮ್ಮ ಜೊತಿಗದಾಳ. ಜೊತಿಗೆ ಒಬ್ಬಾಕಿ ಇದ್ರ ಅದು ಹಾಸ್ಟೆಲ್ಲಲ್ಲ, ಮನಿ."

ನಾನು ಹೇಳಿದ ಮಾತು ಹೇಳಿದ ಮಾತೇ. ಶಾಲೆ ನೋಡದೆ ಸೇರಿಸುವುದಿಲ್ಲ. ಅದನ್ನೂ ನೋಡುತ್ತೇನೆ, ಯೋಗ್ಯ ಇಲ್ಲದಿದ್ದರೆ ತಿರುಗಿ ಕರೆತರುತ್ತೇನೆ. ಇದರಲ್ಲಿ ಬದಲಾದದ್ದು ಏನೂ ಇಲ್ಲ.

೫ ಜುಲೈ, ಸೋಮವಾರ

ದಾವಣಗೆರೆಯ ದೊಡ್ಡ ಆಸ್ಪತ್ರೆ, ಜೊತೆಗೆ ಅರ್ಚನಾ, ಎರ್ರೆಮ್ಮ. ಬಾಗಿಲಿಗೆ ತೋರಣ ಇರಲಿಲ್ಲ. ರಂಗೋಲಿಯ ಜಾಗದಲ್ಲಿ ಜನ. ಜಗಳೂರು, ಹರಿಹರ, ನಮ್ಮ ಹರಪನಹಳ್ಳಿ ಕಡೆಯವರು ಗಂಟುಮೂಟೆ ಇಟ್ಟುಕೊಂಡು ಕೂತಿದ್ದರು. ಮೂರು ಜನರನ್ನು ಕೇಳಿದೆ, ಯಾರಿಗೂ ನನಗೆ ಉತ್ತರ ಹೇಳಲು ಪುರುಸೊತ್ತಿಲ್ಲ. ಯಾರೂ ಕುರ್ಚಿ ಕೊಡಲಿಲ್ಲ. ಅರ್ಜಿ ಹಿಡಿದು ವಾರ್ಡಿನ ಹಾದಿಯಲ್ಲಿ ನಿಂತೆ. ಒಳಗೆ ಒಂದು ಹಾಸಿಗೆಯೂ ಖಾಲಿ ಇರಲಿಲ್ಲ, ಕೆಲವರು ನೆಲದ ಮೇಲೂ ಇದ್ದರು. ಹಚ್ಚಡಗಳು ತೊಳೆದು ತೊಳೆದು ತೆಳ್ಳಗಾಗಿದ್ದವು. ಡೆಟಾಲಿನ ವಾಸನೆ.

ಎದುರಿನಿಂದ ಗಾಲಿಮಂಚ ಬಂತು. ಮೇಲೆ ಬಸುರಿ ಹೆಂಗಸು, ಹಲ್ಲು ಕಚ್ಚಿಕೊಂಡಿದ್ದಳು. ತಳ್ಳುತ್ತಿದ್ದ ಹುಡುಗಿಗೆ ಇಪ್ಪತ್ತು ಆಗಿರಲಿಕ್ಕಿಲ್ಲ. ಒಂದು ಕೈ ಮಂಚಕ್ಕೆ, ಒಂದು ಕೈಯಲ್ಲಿ ಸಲೈನ್ ಬಾಟಲಿ ಎತ್ತಿ ಹಿಡಿದಿದ್ದಳು.

"ಅಜ್ಜಿ, ದಾರಿ ಬಿಡ್ರಿ," ಅಂದಳು. ಮುಖ ಎತ್ತಿ ನನ್ನನ್ನು ನೋಡಲೂ ಇಲ್ಲ.

ನನ್ನ ಮದುವೆಯಾದಂದಿನಿಂದ ನನಗೆ ಹಾಗೆ ಯಾರೂ ಹೇಳಿಲ್ಲ. ಗೋಡೆಗೆ ಒತ್ತಿಕೊಂಡು ದಾರಿ ಬಿಟ್ಟೆ. ಗಾಲಿಮಂಚ ನನ್ನ ಸೀರೆಯ ನೆರಿಗೆ ಸವರಿಕೊಂಡು ಹೋಯಿತು.

ಶಾಲೆ ನೋಡಿದ್ದು ಅಷ್ಟೇ. ಹಿತ್ತಲಿಗೆ ಹೋಗಲಿಲ್ಲ, ನೀರು ಕೇಳಲಿಲ್ಲ. ಸಹಿ ಹಾಕಲು ಅರ್ಚನಾಳನ್ನು ಕರೆಯೋಣ ಅಂತ ತಿರುಗಿದರೆ ಅವಳು ಪಕ್ಕದಲ್ಲಿ ಇರಲಿಲ್ಲ. ಹಾದಿಯ ತುದಿಯಲ್ಲಿ ಗಾಲಿಮಂಚದ ಜೊತೆ ಓಡುತ್ತಿದ್ದಳು. ಬಾಟಲಿ ಈಗ ಅವಳ ಕೈಯಲ್ಲಿತ್ತು. ಯಾರು ಕೊಟ್ಟರೋ, ಇವಳೇ ಕೇಳಿದಳೋ. ತೋಳನ್ನು ಪೂರ್ತಿ ಮೇಲಕ್ಕೆತ್ತಿ ಹಿಡಿದಿದ್ದಳು, ಇಳಿಸಲಿಲ್ಲ. ಎರ್ರೆಮ್ಮ ಆ ಕಡೆಯ ಬಾಗಿಲು ಹಿಡಿದು ನಿಂತಿದ್ದಳು.

ಅವಳ ಚೀಲ, ಎರ್ರೆಮ್ಮನ ಚೀಲ ಎರಡನ್ನೂ ಕಾಲ ಬಳಿ ಇಟ್ಟುಕೊಂಡು, ಜನರ ನಡುವೆ ನೆಲದ ಮೇಲೆ ಜಾಗ ಮಾಡಿಕೊಂಡು ಕೂತೆ. ಅರ್ಜಿಯ ಕೆಳಗೆ ಪೋಷಕರ ಸಹಿ ಅಂತ ಇತ್ತು. ತೊಡೆಯ ಮೇಲಿಟ್ಟು ದುಂಡಗೆ ಬರೆದೆ. ಅವರು ಬರುವವರೆಗೂ ಅಲ್ಲೇ ಕೂತಿದ್ದೆ.